ಪಸ್ತಾಪುರದ ದಾರಿಯಲ್ಲಿ ಅವ್ವನ ದನಿ

ತಾಂಡೂರಿನಿಂದ ಜಹೀರಾಬಾದಿನ ಕಡೆಗೆ ಹೊರಟ ಪ್ರಯಾಣಿಕನಿಗೆ ದಾರಿಯ ಮೊದಲ ಭಾಗದಲ್ಲಿ ಕಣ್ಣಿಗೆ ಹಬ್ಬವೆನ್ನುವಂತಹದೇನೂ ಸಿಕ್ಕುವುದಿಲ್ಲ. ಊರು ದಾಟುವ ತನಕ ಕಲ್ಲಿನ ಗಣಿಗಳು, ಕಲ್ಲು ಕೊಯ್ಯುವ ಯಂತ್ರಗಳ ಕರ್ಕಶ ಸದ್ದು, ಹಾಸುಗಲ್ಲುಗಳ ಒಟ್ಟಿಲುಗಳು, ಎಲ್ಲದರ ಮೇಲೂ ಸಮನಾಗಿ ಕೂತ ಬಿಳಿಯ ಧೂಳು. ಆಮೇಲೆ ತೊಗರಿಯ ಹೊಲಗಳು ತೊಡಗುತ್ತವೆ. ಈ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೆ ನಮ್ಮ ಊರಿನವರು ಬೀಗರ ಮನೆಗೆ ಬೇಳೆಯ ಚೀಲ ಒಯ್ಯುವಾಗ ಸ್ವಲ್ಪ ಎದೆ ಉಬ್ಬಿಸಿಯೇ ಒಯ್ಯುತ್ತಾರೆ. ಜಹೀರಾಬಾದು ಹತ್ತಿರವಾದಂತೆ ಕಪ್ಪು ನೆಲ ಹಿಂದೆ ಸರಿದು ಕೆಂಪು ಜಂಬಿಟ್ಟಿಗೆ ಮಣ್ಣು ಕಾಣಿಸಿಕೊಳ್ಳುತ್ತದೆ. ನಾವು ಬೆಳೆದದ್ದು ಆ ಕೆಂಪು ನೆಲದ ಅಂಚಿನಲ್ಲಿ, ನ್ಯಾಲಕಲ್ ಕಡೆಯ ಒಂದು ಹಳ್ಳಿಯಲ್ಲಿ.

ಓದುಗರಿಗೆ ಈ ಸೀಮೆಯ ಕಥೆ ಹೊಸದಲ್ಲ. ೧೯೫೬ರ ನವೆಂಬರ ೧ರಂದು ಹೈದರಾಬಾದು ಸಂಸ್ಥಾನದ ಪ್ರಾಂತ ಮೂರು ಪಾಲಾದಾಗ ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳೂ, ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದು ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಇವೂ ಆಂಧ್ರಪ್ರದೇಶಕ್ಕೆ ಸೇರಿದವು. ೨೦೧೪ರಲ್ಲಿ ಅದೇ ನೆಲ ತೆಲಂಗಾಣವಾಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಲಾರಿ ಅಡ್ಡೆಯಲ್ಲಿ ದಖನಿ ಉರ್ದು ಎಂಬ ನಮ್ಮ ದಿನಚರಿಯನ್ನು ಯಾವ ಆಯೋಗವೂ ಕೂಡಿಸಲೂ ಇಲ್ಲ, ಕಳೆಯಲೂ ಇಲ್ಲ. ಆದರೆ ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಮನೆಯ ಕನ್ನಡ ತೆಳುವಾಗಿದೆ. ನಮ್ಮ ಮಕ್ಕಳಿಗೆ ಅವ್ವ ಹೇಳಿದ್ದು ಅರ್ಥವಾಗುತ್ತದೆ. ಮರುನುಡಿ ಮಾತ್ರ ತೆಲುಗಿನಲ್ಲಿ ಬರುತ್ತದೆ. ಈ ಲೇಖನದಲ್ಲಿ ಕಾರಿನ ಸ್ಪೀಕರುಗಳ ವಿಷಯವನ್ನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದಕ್ಕೆ ಕಾರಣವೂ ಅದೇ.

ನಮ್ಮ ಅಣ್ಣ ೧೯೮೬ರಲ್ಲಿ ಒಂದು ಟೇಪ್‌ರೆಕಾರ್ಡರು ಕೊಂಡಾಗ, ಹಳ್ಳಿಯ ಮನೆಯ ಪಡಸಾಲೆಯಲ್ಲಿ ಬೀಸುವ ಕಲ್ಲಿನ ಮುಂದೆ ಅವ್ವನನ್ನು ಕೂರಿಸಿ ಬೀಸುವ ಪದಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ತುಂಬಿಸಿದ್ದ. ಆಗಲೇ ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಕಲ್ಲು ತಿರುಗಿಸಿದ್ದು ಹಾಡಿಗಾಗಿ ಮಾತ್ರ. ಆ ಕ್ಯಾಸೆಟ್ಟು ಮೂವತ್ತು ವರ್ಷ ಟ್ರಂಕಿನಲ್ಲಿದ್ದು, ಅದೃಷ್ಟವಶಾತ್ ಬೂಷ್ಟು ಹಿಡಿಯದೆ ಉಳಿಯಿತು. ಹೈದರಾಬಾದಿನಲ್ಲಿ ಓದುತ್ತಿದ್ದ ನಮ್ಮ ಸೋದರಳಿಯ ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ ಕೊಟ್ಟ. ಅಷ್ಟರಲ್ಲಿ ಅವ್ವನಿಗೆ ಎಪ್ಪತ್ತೆಂಟು ದಾಟಿತ್ತು. ಉಸಿರು ಹಿಡಿದು ಹಾಡುವ ಕಾಲ ಮುಗಿದಿತ್ತು.

೨೦೧೯ರ ಸಂಕ್ರಾಂತಿಯ ಮರುವಾರ ನಾವು ಅವ್ವನನ್ನೂ ಮಕ್ಕಳನ್ನೂ ಸೋದರಳಿಯನನ್ನೂ ಕಟ್ಟಿಕೊಂಡು ಪಸ್ತಾಪುರದ ಕಡೆಗೆ ಹೊರಟೆವು. ಕಾರು ಎರಡನೆಯ ಕೈಯಿಂದ ಕೊಂಡದ್ದು, ಚಿಕ್ಕದು. ಮುಂದಿನ ಎರಡು ಬಾಗಿಲುಗಳಲ್ಲಿ ಹಿಂದಿನ ಮಾಲಿಕರ ಕಾಲದ ಸ್ಪೀಕರುಗಳು, ನಡುವೆ ಪೆನ್‌ಡ್ರೈವು ಚುಚ್ಚುವ ಒಂದು ಸ್ಟೀರಿಯೊ. ತೊಗರಿಯ ಹೊಲ ತೊಡಗುತ್ತಲೇ ಅವ್ವನಿಗೆ ಅಚ್ಚರಿ ಮಾಡೋಣವೆಂದು ಆ ಪದಗಳನ್ನು ಹಚ್ಚಿದೆವು. ಹಿಂದಿನ ಆಸನದಲ್ಲಿ ಅವ್ವ ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತಳು. ಆಮೇಲೆ, ‘ಯಾರ್ದು ಇದು?’ ಎಂದು ಕೇಳಿದಳು.

‘ನಿಂದೇ ಅವ್ವ. ಅಣ್ಣ ತುಂಬಿಸಿದ್ದ ನೋಡು, ಬೀಸೋಕಲ್ಲಿನ ಮುಂದ.’

‘ನಂದಲ್ಲ ತಮ್ಮಾ. ಗಡಗ್ಯಾಗ ಬಾಯಿ ಇಟ್ಟು ಹಾಡಿದಾಂಗ ಅದ. ನನ್ನ ದನಿ ಹಿಂಗ ಇದ್ದಿಲ್ಲ.’

ನಾವು ಸದ್ದು ಏರಿಸಿದೆವು. ಏರಿಸಿದಂತೆ ಬಾಗಿಲಿನ ತಗಡು ಗಡಗಡ ನಡುಗಿತೇ ಹೊರತು ಮಾತು ತಿಳಿಯಾಗಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಜಹೀರಾಬಾದು ಬರುವ ತನಕ ಕಾರಿನಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಪಸ್ತಾಪುರ ಜಹೀರಾಬಾದು ಪಟ್ಟಣದ ಮಗ್ಗುಲಲ್ಲೇ ಇರುವ ಹಳ್ಳಿ. ಮುಂಬಯಿ ಹೆದ್ದಾರಿಯ ಲಾರಿಗಳ ಭರಾಟೆ, ೧೯೮೦ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಲಘುಲಾರಿಗಳು ತಯಾರಾಗುತ್ತಿದ್ದ ಕಾರ್ಖಾನೆಯ ನೆನಪು, ಮುಂದೆ ಬಂದ ಮಹೀಂದ್ರ ಟ್ರ್ಯಾಕ್ಟರುಗಳ ಕಾರ್ಖಾನೆ, ಇವೆಲ್ಲದರಿಂದ ಕೂಗಳತೆಯಲ್ಲಿದ್ದೂ ಈ ಹಳ್ಳಿಯ ಹೆಸರು ಹೊರಗಿನವರಿಗೆ ತಿಳಿದದ್ದು ನವಣೆ, ಸಾಮೆ, ಜೋಳಗಳಿಂದ. ೧೯೮೩ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇಲ್ಲಿಂದಲೇ ಕೆಲಸ ನಡೆಸಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶರು ೧೯೪೫ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಬೀಳುಬಿದ್ದ ನೆಲವನ್ನು ಹಸನು ಮಾಡುವ ದಲಿತ ಹೆಣ್ಣುಮಕ್ಕಳ ಸಂಘಗಳ ಜೊತೆಗೆ ನಾಲ್ಕು ದಶಕ ದುಡಿದು ೨೦೨೩ರ ಮಾರ್ಚಿ ೧೯ರಂದು ತೀರಿಕೊಂಡರು. ಈ ಹೆಣ್ಣುಮಕ್ಕಳು ಬೀಜವನ್ನು ಅಂಗಡಿಯಿಂದ ತರುವುದಿಲ್ಲ. ಬುಟ್ಟಿಯಲ್ಲಿ ಬೂದಿ, ಬೇವಿನ ಸೊಪ್ಪು ಬೆರೆಸಿ ತಾವೇ ಕಾದಿಡುತ್ತಾರೆ. ಆ ಸಂಸ್ಥೆಗೆ ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು.

ನಾವು ಹೋದದ್ದು ‘ಪಾತ ಪಂಟಲ ಜಾತರ’ ನೋಡಲು. ಹಳೆಯ ಬೆಳೆಗಳ ಜಾತ್ರೆ ಎಂದು ಅದರ ಅರ್ಥ. ಸಂಕ್ರಾಂತಿಯಂದು ಹೊರಟ ಎತ್ತಿನ ಬಂಡಿಗಳು ಬಗೆಬಗೆಯ ಬೀಜಗಳನ್ನು ಹೊತ್ತು ಸುಮಾರು ಒಂದು ತಿಂಗಳ ಕಾಲ ಹಳ್ಳಿಯಿಂದ ಹಳ್ಳಿಗೆ ಸಾಗುತ್ತವೆ. ಎತ್ತುಗಳ ಕೋಡಿಗೆ ಬಣ್ಣ, ಬಂಡಿಗೆ ತೋರಣ, ಮುಂದೆ ಡೋಲು, ಹಿಂದೆ ಹಾಡುವ ಹೆಂಗಸರ ಸಾಲು. ಅವ್ವ ಬೀಜದ ಬುಟ್ಟಿಗಳನ್ನು ಒಂದೊಂದಾಗಿ ಮುಟ್ಟಿ, ಯಾವುದು ಯಾವ ಮಳೆಗೆ ಬಿತ್ತುವುದೆಂದು ಮಕ್ಕಳಿಗೆ ಹೇಳಿದಳು. ಅದು ಅವಳ ಮಟ್ಟಿಗೆ ಒಳ್ಳೆಯ ದಿನ.

ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಸೋದರಳಿಯ ತನ್ನ ಇಯರ್‌ಫೋನನ್ನು ಅಜ್ಜಿಯ ಕಿವಿಗೆ ಇಟ್ಟು ಅದೇ ಪದವನ್ನು ಕೇಳಿಸಿದ. ಅವ್ವನ ಮುಖ ಅರಳಿತು. ‘ಹೌದು, ಇದು ನಂದೇ’ ಎಂದಳು. ಆದರೆ ಒಂದು ನಿಮಿಷವೂ ಆಗಿರಲಿಲ್ಲ, ಕಿತ್ತು ಅವನ ಕೈಗೆ ಕೊಟ್ಟಳು. ‘ಕಿವಿ ಚುಚ್ಚತಾವ. ಮ್ಯಾಲ, ನಾ ಒಬ್ಬಾಕಿ ಕೇಳೋದು ಯಾತರ ಹಾಡು?’

ಹಾಗಾದರೆ ಕ್ಯಾಸೆಟ್ಟಿನಲ್ಲಿ ದನಿ ಉಳಿದಿದೆ, ಕೆಟ್ಟದ್ದು ಬಾಗಿಲಿನಲ್ಲಿ. ಇಷ್ಟು ನಿಶ್ಚಯವಾಯಿತು.

ಮಾಚನೂರಿನ ಹೆಸರನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ನಮ್ಮ ಬುದ್ಧಿಗೆ ದಾರಿ ತೋರಿದ್ದು ಆ ಊರು. ಅಲ್ಲಿ ಇದೇ ಸಂಘಗಳ ಹೆಣ್ಣುಮಕ್ಕಳು ೧೯೯೦ರ ದಶಕದ ಕೊನೆಯಿಂದ ತಮ್ಮ ಹಾಡು, ಬೇಸಾಯದ ಮಾತು, ಮನೆಮದ್ದುಗಳನ್ನು ಧ್ವನಿಮುದ್ರಿಸುತ್ತಿದ್ದರು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು ೧೯೯೫ರ ಫೆಬ್ರವರಿಯಲ್ಲಿಯೇ ತೀರ್ಪಿತ್ತಿದ್ದರೂ, ಇಂತಹ ಸಂಘಗಳಿಗೆ ಬಾನುಲಿಯ ಪರವಾನಗಿ ಸಿಗುವ ಹಾದಿ ತೆರೆದದ್ದು ೨೦೦೬ರ ನೀತಿಯಿಂದ. ಅಲ್ಲಿಯ ತನಕ ಅವರು ಕ್ಯಾಸೆಟ್ಟುಗಳನ್ನು ಸಂಘದ ಕೂಟಗಳಿಗೆ ಹೊತ್ತೊಯ್ದು ಟೇಪ್‌ರೆಕಾರ್ಡರಿನಲ್ಲಿ ಹಚ್ಚಿ ಕೇಳಿಸುತ್ತಿದ್ದರು. ೨೦೦೮ರ ಅಕ್ಟೋಬರ ೧೫ರಂದು ಸಂಘಂ ರೇಡಿಯೊ ೯೦.೪ ಮೆಗಾಹರ್ಟ್ಸಿನಲ್ಲಿ ಆರಂಭವಾಯಿತು. ಉದ್ಘಾಟಿಸಿದವರು ಆ ೧೯೯೫ರ ತೀರ್ಪನ್ನು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತರೇ. ನಡೆಸಿದವರು ಜನರಲ್ ನರಸಮ್ಮ ಮತ್ತು ಅಲ್ಗೋಲ್ ನರಸಮ್ಮ ಎಂಬ ಇಬ್ಬರು ದಲಿತ ಹೆಣ್ಣುಮಕ್ಕಳು.

ಆ ಕೂಟಗಳ ಕಥೆಯನ್ನು ನಾವು ಮೊದಲು ಕೇಳಿದಾಗ ನಮಗೆ ಹೊಳೆದದ್ದು ಬಹಳ ಸಾಮಾನ್ಯವಾದ ಸಂಗತಿ. ಇಪ್ಪತ್ತು ಮೂವತ್ತು ಜನ ಒಂದು ಸಣ್ಣ ಪೆಟ್ಟಿಗೆಯ ಸುತ್ತ ಕೂತು ಕೇಳುತ್ತಿದ್ದುದು ಅಬ್ಬರವನ್ನಲ್ಲ, ಮಾತನ್ನು. ಅಂದರೆ ಮಾತು ಕೇಳಿಸಲು ದೊಡ್ಡ ಯಂತ್ರ ಬೇಕಾಗಿಲ್ಲ. ಕಾರಿನ ಸ್ಪೀಕರು ಕೊಳ್ಳಲು ಹೊರಟ ಹೊಸಬನಿಗೆ ಅಂಗಡಿಯವರು ಮೊದಲು ಮರೆಸುವುದು ಇದನ್ನೇ.

ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಎಂಬುದೊಂದು ಓಣಿಯಿದೆ. ಅಲ್ಲಿ ಅಂಗಡಿ ಅಂಗಡಿಗೂ ಸ್ಪೀಕರು, ಆಂಪ್ಲಿಫೈಯರು, ತಂತಿಯ ಸುರುಳಿ. ನಾವು ಮೊದಲ ಸಲ ಹೋದಾಗ ಒಂದು ಅಂಗಡಿಯಲ್ಲಿ ‘ನಾನೂರು ವಾಟ್’ ಎಂದು ದೊಡ್ಡದಾಗಿ ಅಚ್ಚಾದ ಡಬ್ಬಿಯನ್ನು ಮುಂದಿಟ್ಟರು. ಇನ್ನೊಂದರಲ್ಲಿ ಐನೂರು. ಕಾರಿನಲ್ಲಿ ಐನೂರು ವಾಟ್ ಎಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ಆಗ ನಮಗಿರಲಿಲ್ಲ. ಮನೆಗೆ ಬಂದು ಸೋದರಳಿಯನೊಡನೆ ಕೂತು ಲೆಕ್ಕ ಹಾಕಿದೆವು. ಕಾರಿನ ಎಂಜಿನ್ ಓಡುವಾಗ ಬ್ಯಾಟರಿಯ ತಂತಿಯಲ್ಲಿರುವುದು ೧೪ ವೋಲ್ಟಿನ ಆಸುಪಾಸು. ಕಾರಿನ ಸ್ಪೀಕರಿನ ವಿದ್ಯುತ್ ತಡೆ ಸಾಮಾನ್ಯವಾಗಿ ೪ ಓಮ್. ಈ ಎರಡು ಅಂಕಿಗಳಿಂದಲೇ ಹೊರಬರುವ ಫಲವೆಂದರೆ, ಪ್ರತ್ಯೇಕ ಆಂಪ್ಲಿಫೈಯರಿಲ್ಲದ ಸ್ಟೀರಿಯೊ ಒಂದು ಸ್ಪೀಕರಿಗೆ ಎಡೆಬಿಡದೆ ಕೊಡಬಲ್ಲದ್ದು ಹದಿನೈದರಿಂದ ಇಪ್ಪತ್ತು ವಾಟ್ ಮಾತ್ರ. ಸ್ಟೀರಿಯೊದ ಮುಖದ ಮೇಲೆ ‘೫೦ × ೪’ ಎಂದು ಬರೆದಿದ್ದರೆ ಅದು ಕ್ಷಣಮಾತ್ರದ ಗರಿಷ್ಠ. ಡಬ್ಬಿಯ ಮೇಲಿನ ನಾನೂರು, ಐನೂರು ಕೂಡ ಹಾಗೆಯೇ. ಹುಡುಕಬೇಕಾದ ಅಂಕಿ ‘ಆರ್‌ಎಂಎಸ್’ ಎಂಬ ಮೂರಕ್ಷರದ ಮುಂದೆ, ಸಣ್ಣ ಅಕ್ಷರದಲ್ಲಿ, ಡಬ್ಬಿಯ ತಳದಲ್ಲಿ ಇರುತ್ತದೆ.

ಅದಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಅಂಕಿಯಿದೆ. ಅದನ್ನು ಕೇಳುವ ಗಿರಾಕಿ ಕಡಿಮೆ. ಸ್ಪೀಕರಿಗೆ ಒಂದು ವಾಟ್ ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಮೂರು ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವಿದ್ಯುತ್ತಿನಲ್ಲಿ ಅಷ್ಟೇ ಸದ್ದು. ೯೧ ಡೆಸಿಬೆಲಿನ ಸ್ಪೀಕರು ೨೦ ವಾಟಿನಲ್ಲಿ ಮಾಡುವ ಕೆಲಸಕ್ಕೆ ೮೮ ಡೆಸಿಬೆಲಿನದಕ್ಕೆ ೪೦ ವಾಟ್ ಬೇಕು. ನಮ್ಮಂತೆ ಸ್ಟೀರಿಯೊ ಬದಲಿಸದೆ ಸ್ಪೀಕರು ಮಾತ್ರ ಬದಲಿಸುವವರು ನೋಡಬೇಕಾದದ್ದು ಇದನ್ನು. ಇಲ್ಲಿಯೂ ಒಂದು ಚಾಲಾಕಿಯಿದೆ. ಕೆಲವು ತಯಾರಕರು ಒಂದು ವಾಟ್ ಎನ್ನದೆ ೨.೮೩ ವೋಲ್ಟ್ ಕೊಟ್ಟು ಅಳೆಯುತ್ತಾರೆ. ೪ ಓಮಿನ ಸ್ಪೀಕರಿಗೆ ಅದು ಎರಡು ವಾಟ್ ಆಗುತ್ತದೆ. ಅಂಕಿ ಮೂರು ಡೆಸಿಬೆಲ್ ಹಿಗ್ಗುತ್ತದೆ. ಎರಡು ಡಬ್ಬಿಗಳನ್ನು ಹೋಲಿಸುವಾಗ ಅಳತೆಗೋಲು ಒಂದೇ ಆಗಿದೆಯೇ ಎಂದು ನೋಡದಿದ್ದರೆ ತೂಕದ ಕಲ್ಲು ನೋಡದೆ ಬೆಲ್ಲ ಕೊಂಡಂತಾಗುತ್ತದೆ.

ಹಳೆಯ ಸ್ಪೀಕರುಗಳಲ್ಲಿ ಅವ್ವನ ದನಿ ಗಡಿಗೆಯಲ್ಲಿ ಹೊಕ್ಕಂತಾದದ್ದು ಏಕೆ? ಬಾಗಿಲಿನ ಜಾಳಿಗೆ ಬಿಚ್ಚಿ ನೋಡಿದಾಗ ಉತ್ತರ ಕಣ್ಣೆದುರಿಗೇ ಇತ್ತು. ಒಂದೇ ಕಾಗದದ ಶಂಕು, ಮಳೆನೀರು ಕುಡಿದು ಸೊಟ್ಟಾದದ್ದು. ಅಂಚಿನ ಸ್ಪಂಜು ಬಿಸಿಲಿಗೆ ಪುಡಿಯಾಗಿ ಉದುರಿದ್ದು. ತಾರಕದ ಸದ್ದಿಗೆಂದು ಬೇರೆ ಚಿಕ್ಕ ಸ್ಪೀಕರಿಲ್ಲ. ಹೆಂಗಸಿನ ದನಿಯ ಮೂಲಸ್ವರ ಸೆಕೆಂಡಿಗೆ ಇನ್ನೂರು ಕಂಪನದ ಸುತ್ತಮುತ್ತ ಇರುತ್ತದೆ. ಅದನ್ನು ಯಾವ ಸ್ಪೀಕರೂ ಹೇಗೋ ಹೊರಡಿಸುತ್ತದೆ. ಆದರೆ ಮಾತು ಮಾತಾಗುವುದು ವ್ಯಂಜನಗಳಿಂದ. ಸ, ಶ, ಚ, ತ ಇವುಗಳ ಗುರುತು ಎರಡು ಸಾವಿರದಿಂದ ಆರೇಳು ಸಾವಿರ ಕಂಪನಗಳವರೆಗೆ ಹರಡಿರುತ್ತದೆ. ಅದು ಸತ್ತರೆ ‘ಸಾಲು’ ಯಾವುದು, ‘ಹಾಲು’ ಯಾವುದು ತಿಳಿಯದು. ಕನ್ನಡವನ್ನು ಅರ್ಧ ಮರೆತ ಮಕ್ಕಳ ಕಿವಿಗಂತೂ ಉಳಿಯುವುದು ಬರಿಯ ಗುಂಯ್ ಎಂಬ ರಾಗ. ಮೇಲಾಗಿ ಬಾಗಿಲಿನ ಸ್ಪೀಕರು ನೋಡುವುದು ನಮ್ಮ ಮೊಣಕಾಲನ್ನು, ಕಿವಿಯನ್ನಲ್ಲ; ಮಂದ್ರದ ಸದ್ದು ಎಲ್ಲ ಕಡೆ ಹರಡಿದರೆ ತಾರಕದ್ದು ನೇರವಾಗಿ ಹೋಗಿ ಆಸನದ ಬಟ್ಟೆಯಲ್ಲಿ ಇಂಗಿಹೋಗುತ್ತದೆ.

ಇದಕ್ಕೆ ಎರಡು ಬಗೆಯ ಪರಿಹಾರ ಮಾರುಕಟ್ಟೆಯಲ್ಲಿವೆ. ದೊಡ್ಡ ಶಂಕುವಿನ ನಡುವೆಯೇ ಚಿಕ್ಕ ಟ್ವೀಟರನ್ನು ಕೂರಿಸಿದ ‘ಕೊಆಕ್ಸಿಯಲ್’ ಒಂದು ಬಗೆ. ಹಳೆಯದನ್ನು ತೆಗೆದ ತೂತಿನಲ್ಲೇ ಕೂರುತ್ತದೆ, ಅಗ್ಗ. ಟ್ವೀಟರು ಬೇರೆಯಾಗಿ, ಜೊತೆಗೆ ಸದ್ದನ್ನು ಮೇಲು ಕೆಳಗೆ ಹಂಚುವ ‘ಕ್ರಾಸ್‌ಓವರ್’ ಎಂಬ ಸಣ್ಣ ಪೆಟ್ಟಿಗೆಯೊಡನೆ ಬರುವ ‘ಕಾಂಪೊನೆಂಟ್’ ಇನ್ನೊಂದು ಬಗೆ. ಟ್ವೀಟರನ್ನು ಕನ್ನಡಿಯ ಮೂಲೆಯ ಹತ್ತಿರ, ಕಿವಿಯ ಮಟ್ಟಕ್ಕೆ ಕೂರಿಸಬಹುದು. ಮಾತಿನ ಸ್ಪಷ್ಟತೆಗೆ ಎರಡನೆಯದೇ ಮೇಲು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದರ ಬೆಲೆ ಹೆಚ್ಚು, ತಂತಿ ಎಳೆಯುವ ಕೂಲಿಯೂ ಹೆಚ್ಚು. ಕಾರಿನ ವಯಸ್ಸು ನೋಡಿ ನಾವು ಕೊಆಕ್ಸಿಯಲ್ಲಿಗೇ ನಿಂತೆವು. ಶಂಕು ಕಾಗದದ್ದು ಬೇಡ, ಪಾಲಿಪ್ರೊಪಿಲೀನಿನದಿರಲಿ, ಅಂಚು ರಬ್ಬರಿನದಿರಲಿ ಎಂದಷ್ಟು ಗೆರೆ ಎಳೆದುಕೊಂಡೆವು. ಡಿಕ್ಕಿಯಲ್ಲಿ ಪೆಟ್ಟಿಗೆ ಕಟ್ಟಿಸಿ ಬಾಸ್ ಹಾಕಿಸಿ ಎಂದು ಒತ್ತಾಯಿಸಿದವರಿಗೆ, ನಮ್ಮ ತಾಯಿಗೆ ಎದೆ ನಡುಗಿಸಿಕೊಳ್ಳುವ ಇಚ್ಛೆಯಿಲ್ಲವೆಂದು ಹೇಳಿ ಬಿಡಿಸಿಕೊಂಡೆವು.

ಗಾತ್ರದ ಮಾತು. ಆರೂವರೆ ಅಂಗುಲದ್ದೋ, ಐದೂಕಾಲು ಅಂಗುಲದ್ದೋ ಎಂಬುದನ್ನು ಅಂಗಡಿಯಲ್ಲಿ ನಿಂತು ಊಹಿಸಬಾರದು. ಮನೆಯಲ್ಲೇ ಒಂದು ಜಾಳಿಗೆ ಬಿಚ್ಚಿ ಅಳೆಯಬೇಕು. ಅಗಲ ಅಳೆದರೆ ಸಾಲದು, ಆಳವನ್ನೂ ಅಳೆಯಬೇಕು. ಹೊಸ ಸ್ಪೀಕರಿನ ಅಯಸ್ಕಾಂತ ದಪ್ಪನಾಗಿದ್ದರೆ ಕಿಟಕಿಯ ಗಾಜು ಕೆಳಗಿಳಿಯುವಾಗ ಅದಕ್ಕೆ ತಾಗುತ್ತದೆ. ನಾವು ಗಾಜನ್ನು ಪೂರ್ತಿ ಇಳಿಸಿ, ಒಂದು ಕಡ್ಡಿಯನ್ನು ತೂರಿಸಿ ಆಳಕ್ಕೆ ಗುರುತು ಹಾಕಿಕೊಂಡು ಹೋಗಿದ್ದೆವು. ಕಡ್ಡಿ ಹಿಡಿದು ಬಂದ ಗಿರಾಕಿಯನ್ನು ಕಂಡು ಅಂಗಡಿಯ ಹುಡುಗರು ಮೊದಲು ನಕ್ಕರು, ಆಮೇಲೆ ಮರ್ಯಾದೆಯಿಂದ ಮಾತಾಡಿಸಿದರು.

ಅಂಗಡಿಯಲ್ಲಿ ಹಲಗೆಗೆ ಹೊಡೆದ ಸ್ಪೀಕರುಗಳನ್ನು ಒಂದಾದ ಮೇಲೊಂದು ಕೇಳಿಸುತ್ತಾರೆ. ಅವರು ಹಚ್ಚುವ ಹಾಡು ಅವರ ಸ್ಪೀಕರಿಗೆ ಒಪ್ಪುವ ಹಾಡೇ ಆಗಿರುತ್ತದೆ. ನಾವು ಅವ್ವನ ಪೆನ್‌ಡ್ರೈವನ್ನು ಕೊಟ್ಟೆವು. ಗುಜರಾತಿ ಗಲ್ಲಿಯ ಗದ್ದಲದ ನಡುವೆ ನ್ಯಾಲಕಲ್ ಸೀಮೆಯ ಬೀಸುವ ಪದ ಹೊರಟಾಗ ಪಕ್ಕದ ಅಂಗಡಿಯವರು ಇಣುಕಿದರು. ಎಲ್ಲಕ್ಕಿಂತ ಹೆಚ್ಚು ಬೆಲೆಯ ಜೋಡಿಯಲ್ಲಿ ದನಿ ಗಾಜಿನ ಚೂರಿನಂತೆ ಚುಚ್ಚಿತು. ನಡುವಣ ಬೆಲೆಯ ಒಂದರಲ್ಲಿ ಮಾತು ಬಿಡಿಸಿಬಂತು. ನಾಲ್ಕು ಸಾವಿರದೊಳಗೆ ವ್ಯಾಪಾರ ಮುಗಿಯಿತು. ಹಲಗೆಯ ಮೇಲೆ ಕೇಳಿದ್ದು ಬಾಗಿಲಿನಲ್ಲಿ ಹಾಗೆಯೇ ಕೇಳುವುದಿಲ್ಲವೆಂಬುದು ಮಾತ್ರ ನೆನಪಿನಲ್ಲಿರಬೇಕು. ಹಲಗೆ ಗಟ್ಟಿ, ಬಾಗಿಲು ತೂತುಗಳ ತಗಡು. ಸ್ಪೀಕರಿನ ಮುಂಬದಿಯ ಸದ್ದೂ ಹಿಂಬದಿಯ ಸದ್ದೂ ಆ ತೂತುಗಳಲ್ಲಿ ಕೂಡಿ ಒಂದನ್ನೊಂದು ನುಂಗುತ್ತವೆ. ಅಂಟಿನ ಬ್ಯೂಟೈಲ್ ಹಾಳೆಗಳನ್ನು ತಗಡಿಗೆ ಮೆತ್ತಿಸಿ, ಸ್ಪೀಕರಿನ ಸುತ್ತ ಸಂದಿಯಿಲ್ಲದಂತೆ ಬಳೆ ಕೂರಿಸಿದರೆ ಈ ಕಳವು ಬಹುಮಟ್ಟಿಗೆ ನಿಲ್ಲುತ್ತದೆ. ಇದಕ್ಕೆ ತಗಲುವ ಖರ್ಚನ್ನು ಉಳಿಸಿ ಹೆಚ್ಚು ಬೆಲೆಯ ಸ್ಪೀಕರು ಕೊಳ್ಳುವುದು, ನಮ್ಮ ಅಭಿಪ್ರಾಯದಲ್ಲಿ, ದುಡ್ಡು ಕೆಡಿಸುವ ದಾರಿ.

ಇಷ್ಟೆಲ್ಲ ಓದಿ ಅಳೆದು ಕೊಂಡು ತಂದ ಮೇಲೆ, ಒಂದು ಸಣ್ಣ ಅಂಗಡಿಯಲ್ಲಿ ಕೂರಿಸಿಕೊಂಡು ಮನೆಗೆ ಬಂದು ಅವ್ವನನ್ನು ಹಿಂದಿನ ಆಸನದ ನಡುವೆ ಕೂರಿಸಿ ಹಚ್ಚಿದರೆ ದನಿ ತೆಳ್ಳಗೆ, ಟೊಳ್ಳಾಗಿ, ಎಲ್ಲೋ ಕಾರಿನ ಹೊರಗಿನಿಂದ ಬಂದಂತೆ ಕೇಳಿತು. ‘ಗಡಗಿ ಹೋಗಿ ಈಗ ಬುರುಡಿ ಬಂತು’ ಎಂದಳು ಅವ್ವ. ನಮಗಾದ ನಿರಾಸೆಯನ್ನು ಏನೆಂದು ಹೇಳೋಣ! ಎರಡು ದಿನ ಕಾರಿನ ಕಡೆಗೆ ನೋಡಲಿಲ್ಲ.

ಮೂರನೆಯ ದಿನ ಸೋದರಳಿಯ ಫೋನಿನಲ್ಲಿ ಒಂದು ಪರೀಕ್ಷೆ ಹೇಳಿಕೊಟ್ಟ. ಸ್ಟೀರಿಯೊದ ‘ಬ್ಯಾಲೆನ್ಸ್’ ತಿರುಗಿಸಿ ಎಡಗಡೆಯ ಸ್ಪೀಕರೊಂದನ್ನೇ ಕೇಳಿದೆವು: ದನಿ ತುಂಬಿ ಬಂತು. ಬಲಗಡೆಯದೊಂದನ್ನೇ ಕೇಳಿದೆವು: ಆಗಲೂ ತುಂಬಿ ಬಂತು. ಎರಡನ್ನೂ ಕೂಡಿಸಿದರೆ ಟೊಳ್ಳು. ಕಾರಣ ಸರಳ. ಒಂದು ಸ್ಪೀಕರಿನ ಎರಡು ತಂತಿಗಳು ಅದಲುಬದಲಾಗಿದ್ದವು. ಎಡಗಡೆಯ ಶಂಕು ಮುಂದಕ್ಕೆ ಬಂದಾಗ ಬಲಗಡೆಯದು ಹಿಂದಕ್ಕೆ ಹೋಗುತ್ತಿತ್ತು. ಒಂದು ನೂಕಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತಿತ್ತು. ಅಣ್ಣನ ಟೇಪು ಒಂದೇ ಮೈಕಿನದಾದ್ದರಿಂದ ಎರಡೂ ಕಡೆಗೆ ಒಂದೇ ದನಿ ಹೋಗುತ್ತದೆ. ಹೀಗಾಗಿ ನಷ್ಟ ಪೂರ್ತಿಯಾಗಿತ್ತು. ಸ್ಪೀಕರಿನ ಬೆನ್ನಿನಲ್ಲಿ ಎರಡು ಕಡ್ಡಿಗಳಿರುತ್ತವೆ, ಅಗಲವಾದದ್ದು ಸಾಮಾನ್ಯವಾಗಿ ಧನ, ಸಣ್ಣದು ಋಣ. ಸಂದೇಹವಿದ್ದರೆ ಗಡಿಯಾರದ ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಒಂದು ಕ್ಷಣ ತಂತಿಗಳಿಗೆ ಮುಟ್ಟಿಸಬೇಕು. ಧನ ಧನಕ್ಕೆ ತಾಗಿದ್ದರೆ ಶಂಕು ಹೊರಕ್ಕೆ ಉಬ್ಬುತ್ತದೆ. ಬಲಗಡೆಯದು ಒಳಕ್ಕೆ ಸೇದಿಕೊಂಡಿತು. ತಿರುಪು ಬಿಚ್ಚಿ ತಂತಿ ಬದಲಿಸಲು ಹದಿನೈದು ನಿಮಿಷ ಸಾಕಾಯಿತು. ಹೊಸ ಸ್ಪೀಕರು ಹಾಕಿಸಿಕೊಂಡ ಎಲ್ಲರೂ ಹಣ ಕೊಡುವ ಮುನ್ನ ಅಂಗಡಿಯ ಮುಂದೆಯೇ ಈ ಪರೀಕ್ಷೆ ಮಾಡಿಕೊಳ್ಳಬೇಕೆಂದು ನಮ್ಮ ವಿನಂತಿ.

೨೦೨೦ರ ಜನವರಿಯಲ್ಲಿ ಮತ್ತೆ ಜಾತ್ರೆಗೆ ಹೊರಟೆವು. ತಾಂಡೂರಿನ ಕಲ್ಲಿನ ಧೂಳು ಹಿಂದಾದ ಮೇಲೆ ಪದ ಹಚ್ಚಿದೆವು. ಸದ್ದು ದೊಡ್ಡದಿರಲಿಲ್ಲ, ಎಂಜಿನ್ನಿನ ಮೊರೆತದ ಮೇಲೆ ತೇಲುವಷ್ಟು. ಕಲ್ಲು ತಿರುಗುವ ಗರಗರ, ಬಳೆಯ ಸಪ್ಪಳ, ನಡುವೆ ಎಲ್ಲೋ ಒಂದು ಹುಂಜದ ಕೂಗು, ಎಲ್ಲವೂ ಬಿಡಿಬಿಡಿಯಾಗಿ ಬಂದವು. ನಮ್ಮ ಚಿಕ್ಕ ಮಗಳು ಒಂದು ಶಬ್ದಕ್ಕೆ ಅರ್ಥ ಕೇಳಿದಳು. ಅವ್ವ ಹೇಳಿದಳು. ಇನ್ನೊಂದಕ್ಕೆ ಕೇಳಿದಳು, ಅದನ್ನೂ ಹೇಳಿದಳು. ಮೂರನೆಯ ಪದ ನಡೆದಿದ್ದಾಗ ಅವ್ವ ಇದ್ದಕ್ಕಿದ್ದಂತೆ ಮುಂದಿನ ಆಸನವನ್ನು ಹಿಡಿದುಕೊಂಡು, ‘ನಿಲ್ಸು’ ಎಂದಳು.

ಕಾರು ಬದಿಗೆ ಹಾಕಿದೆವು.

‘ಹಿಂದಕ್ಕ ಹೋಗು. ಆ ಸಾಲು ಇನ್ನೊಮ್ಮಿ ಹಚ್ಚು.’

ಹಚ್ಚಿದೆವು. ಅವ್ವನ ದನಿ ಸಾಲಿನ ಕೊನೆಗೆ ಇಳಿಯುವಲ್ಲಿ, ಅದರ ಹಿಂದೆಯೇ, ಮೈಕಿನಿಂದ ದೂರ ಕೂತವರ ಇನ್ನೊಂದು ದನಿ ಆ ಕೊನೆಯನ್ನು ಎತ್ತಿಕೊಳ್ಳುತ್ತಿತ್ತು. ನಾವು ಈ ಟೇಪನ್ನು ಎಷ್ಟು ಸಲ ಹಚ್ಚಿದ್ದೆವೋ! ಅದೊಂದು ದನಿಯೆಂದು ತಿಳಿದಿರಲಿಲ್ಲ.

‘ನನ್ನ ನೆಗೆಣ್ಣಿ’ ಎಂದಳು ಅವ್ವ. ‘ಕಲ್ಲಿನ ಆ ಕಡಿ ಅಕಿ ಕುಂತಿದ್ಲು. ನಾ ಮರ್ತಿದ್ದೆ.’

ಚಿಕ್ಕಮ್ಮ ತೀರಿಕೊಂಡದ್ದು ೧೯೮೭ರಲ್ಲಿ. ಅವರ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಬೀಸುವ ಕಲ್ಲಿಗೆ ಇಬ್ಬರು ಕೂರುವುದು ವಾಡಿಕೆಯೆಂಬುದು, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವುದೆಂಬುದು ನಮಗೆ ತಿಳಿಯದ ಸಂಗತಿಯಲ್ಲ; ಆದರೂ ಕೇಳಬೇಕೆಂದು ಹೊಳೆದಿರಲಿಲ್ಲ.

ಪಸ್ತಾಪುರ ಮುಟ್ಟಿದ ಮೇಲೆ ಅವ್ವ ಬಂಡಿಗಳ ಕಡೆ ಇಳಿಯಲೇ ಇಲ್ಲ. ಕಾರನ್ನು ಮರದ ನೆರಳಿಗೆ ಹಾಕಿ, ನಾಲ್ಕೂ ಬಾಗಿಲು ತೆರೆದಿಟ್ಟು, ಆ ಟೇಪಿನಲ್ಲಿದ್ದ ಹನ್ನೊಂದು ಪದಗಳನ್ನೂ ಮೊದಲಿನಿಂದ ಹಚ್ಚಿಸಿಕೊಂಡಳು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ನಿಂತರು. ಒಬ್ಬಾಕೆ, ಹಾಡುವವರು ಯಾರೆಂದು ತೆಲುಗಿನಲ್ಲಿ ಕೇಳಿದಳು. ‘ನಾವಿಬ್ಬರು’ ಎಂದು ಅವ್ವ ತೆಲುಗಿನಲ್ಲಿಯೇ ಉತ್ತರ ಕೊಟ್ಟಳು. ಆ ಹೆಂಗಸು ಇನ್ನೊಬ್ಬಾಕೆಗಾಗಿ ಕಾರಿನೊಳಗೆ ಇಣುಕಿ ನೋಡಿ, ಏನನ್ನೂ ಕೇಳದೆ ಬಾಗಿಲಿನ ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಇನ್ನೂ ನಾಲ್ಕಾರು ಜನ ಕೂತರು. ಅವರಲ್ಲೊಬ್ಬಾಕೆಗೆ ಅದೇ ರಾಗದಲ್ಲಿ ಬೇರೆ ಪದ ಬರುತ್ತಿತ್ತು, ತೆಲುಗಿನದು. ಟೇಪು ನಿಲ್ಲಿಸಿ ಅದನ್ನು ಕೇಳಿದ್ದಾಯಿತು, ಮತ್ತೆ ಟೇಪು ಹಚ್ಚಿದ್ದಾಯಿತು.

ಎಂಜಿನ್ ನಿಲ್ಲಿಸಿ ಅಷ್ಟು ಹೊತ್ತು ಸ್ಟೀರಿಯೊ ನಡೆಸಬಾರದೆಂಬ ಪಾಠವೊಂದು ಉಳಿದಿತ್ತು. ಅದನ್ನು ಹೊರಡುವಾಗ ಕಲಿತೆವು. ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದಷ್ಟೇ. ಹಳೆಯ ಬ್ಯಾಟರಿ ಬರಿದಾಗಿತ್ತು. ಬಂಡಿಯವರು ಎತ್ತುಗಳನ್ನು ಮರಕ್ಕೆ ಕಟ್ಟಿ ಬಂದು ನೂಕಿದರು, ಹಾಡು ಕೇಳಿದ ಹೆಂಗಸರೂ ಕೈಕೊಟ್ಟರು. ಅವ್ವ ಒಳಗೇ ಕೂತಿದ್ದಳು. ಇಳಿದರೆ ಭಾರ ಕಡಿಮೆಯಾದೀತೆಂದು ಯಾರೋ ಹೇಳಿದರು, ಅವಳು ಇಳಿಯಲಿಲ್ಲ. ಹೆದ್ದಾರಿಯ ಕಡೆಗಿನ ಇಳಿಜಾರಿನಲ್ಲಿ ಎಂಜಿನ್ ಕೆಮ್ಮಿ ಹಿಡಿದುಕೊಂಡಿತು.